ಪಾಟಿ ಹೋಗಿ ಟ್ಯಾಬು ಬಂತು. ನೋಟ್ಸು ಎಲ್ಲಿಗೆ ಬಂತು?

ಟ್ಯಾಬ್ಲೆಟ್ ಅಂದರೆ ಮೆಡಿಕಲ್ ಶಾಪಿನ ಮಾತ್ರೆ ಎಂದು ತಿಳಿದಿದ್ದ ಕಾಲ ಹೋಗಿ ವರ್ಷಗಳಾದವು. ಈಗ ದಾವಣಗೆರೆಯಲ್ಲಿ ಪಿ.ಯು.ಸಿ. ಮುಗಿಸಿದ ಮಕ್ಕಳು ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತುವ ಹೊತ್ತಿಗೆ ಮನೆಮನೆಯಲ್ಲೂ ಈ ಹೊಸ ‘ಮಾತ್ರೆ’ಯದೇ ಜ್ವರ.

“ಅಪ್ಪಾಜಿ, ಕ್ಲಾಸ್‌ನಾಗ ನೋಟ್ಸ್ ಬರ್ಕಳಾಕೆ ಒಂದು ಟ್ಯಾಬ್ ಕೊಡ್ಸಿ.”

“ಪುಸ್ತಕ ಐತಲ್ಲವ್ವಾ?”

“ಈಗ ಪುಸ್ತಕದಾಗ ಯಾರ್ ಬರೀತಾರೆ, ಬಿಡ್ರಿ!”

ಮಂಡಿಪೇಟೆಯಲ್ಲಿ ಗಲ್ಲಾದ ಮುಂದೆ ಕೂತು ದಿನವಿಡೀ ಪೈಸೆ ಪೈಸೆಗೆ ಲೆಕ್ಕ ಹಾಕುವ ಅಪ್ಪನಿಗೂ ಇಲ್ಲಿ ಲೆಕ್ಕ ತಪ್ಪುತ್ತದೆ. ಮೋಟಾರ್ ಬೈಕ್ ಕೇಳಿದ್ದರೆ ಬೈದು ಕಳಿಸಬಹುದಿತ್ತು. ‘ಓದಿಗೆ’ ಅಂದ ಮೇಲೆ ಇಲ್ಲ ಅನ್ನುವ ಧೈರ್ಯ ಯಾವ ಅಪ್ಪನಿಗಿದೆ? ಅಂಗಡಿಯವರು ಹೇಗೂ ಕಂತಿನ ಮೇಲೆ ಕೊಡುತ್ತಾರೆ. ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಹಿಡಿದು ಹೋದರೆ ಸಂಜೆಯೊಳಗೆ ಟ್ಯಾಬು ಮನೆಗೆ.

ಲೆಕ್ಕ ಹಾಕಿ ನೋಡಿದರೆ ಹೀಗಿದೆ. ಡಿಗ್ರಿಯ ಒಂದು ಸೆಮಿಸ್ಟರಿಗೆ ಆರೇಳು ನೋಟ್‌ಬುಕ್ ಅಂದರೂ ಐನೂರು ರೂಪಾಯಿ ದಾಟುವುದು ಕಷ್ಟ. ಆರು ಸೆಮಿಸ್ಟರಿಗೆ ಮೂರು ಸಾವಿರ. ಅದೇ, ಪೆನ್ನಿನ ಸಮೇತ ಬರುವ ಒಂದು ಮಟ್ಟದ ಟ್ಯಾಬಿಗೆ 25ರಿಂದ 30 ಸಾವಿರದ ಆಸುಪಾಸು. ತೆರಿಗೆಯ ತಕ್ಕಡಿಯೂ ಪುಸ್ತಕದ ಕಡೆಗೇ ವಾಲಿದೆ. ನೋಟ್‌ಬುಕ್ಕಿಗೆ ಶೇ. 12 ಇದ್ದ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಸೊನ್ನೆ. ಪೆನ್ಸಿಲ್ಲು, ರಬ್ಬರಿಗೂ ಸೊನ್ನೆ. ಟ್ಯಾಬಿನ ಮೇಲೆ ಮಾತ್ರ ಶೇ. 18.

ದುಡ್ಡಿನ ಮಾತು ಹಾಗಿರಲಿ. ದುಡ್ಡು ಹೇಗೋ ಹೊಂದುತ್ತದೆ. ಆ ಟ್ಯಾಬು ಕ್ಲಾಸಿನೊಳಗೆ ಹೋದ ಮೇಲೆ ಅದರಲ್ಲಿ ಯಾರು ಏನು ಬರೆಯುತ್ತಾರೆ ಎಂಬುದನ್ನು ಮಾತ್ರ ಯಾವ ಅಪ್ಪನೂ ಕೇಳುವುದಿಲ್ಲ.

ಒರೆಸಿ ಬರೆಯುವುದು ಹೊಸದೇನಲ್ಲ

ಬರೆದು, ಒರೆಸಿ, ಮತ್ತೆ ಬರೆಯುವ ಹಲಗೆ ಅಮೆರಿಕದಿಂದ ಬಂದ ಸೋಜಿಗ ಎಂದು ಹುಡುಗರು ತಿಳಿದಿದ್ದರೆ ಅವರಿಗೆ ಒಂದು ಮಾತು ಹೇಳಬೇಕು. ‘ಕಡತ’ ಅಂದರೆ ಈಗ ತಾಲ್ಲೂಕು ಕಚೇರಿಯಲ್ಲಿ ಧೂಳು ತಿನ್ನುವ ಫೈಲು. ಹಿಂದೆ ಕಡತ ಅಂದರೆ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಸಿ ಇಡುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆವಣಿಗೆ. ವ್ಯಾಪಾರಸ್ಥರ ಖಾತೆ, ಹಳ್ಳಿಯ ಲೆಕ್ಕಪತ್ರ ಎಲ್ಲ ಅದರಲ್ಲೇ. ಶೃಂಗೇರಿ ಮಠದ ಹಳೇ ದಾಖಲೆಗಳೂ ಕಡತಗಳಲ್ಲಿವೆ. ಸಾಲ ತೀರಿದವನ ಖಾತೆಯನ್ನು ಒರೆಸಿ, ಅದೇ ಜಾಗದಲ್ಲಿ ಹೊಸಬನ ಹೆಸರು ಬರೆಯಬಹುದಿತ್ತು. ಚಾರ್ಜರು ಬೇಕಿರಲಿಲ್ಲ ಅಷ್ಟೇ! ಆಮೇಲೆ ಶಾಲೆಗೆ ಕಲ್ಲಿನ ಪಾಟಿ ಬಂತು. ಪಾಟಿಗೆ ಎಂಜಲು ಹಚ್ಚಿ ಒರೆಸಿ ಬೈಸಿಕೊಂಡವರು ಈಗ ಮೊಮ್ಮಕ್ಕಳಿಗೆ ಟ್ಯಾಬು ಕೊಡಿಸುತ್ತಿದ್ದಾರೆ.

ಗಾಜಿನ ಹಲಗೆಯ ಕಥೆಯೂ ತೀರ ನೆನ್ನೆಯದಲ್ಲ. ಪೆನ್ನಿನಿಂದ ಬರೆಯುವ ‘ಟ್ಯಾಬ್ಲೆಟ್ ಪಿ.ಸಿ.’ ಎಂಬುದನ್ನು ಮೈಕ್ರೋಸಾಫ್ಟಿನವರು 2002ರ ನವೆಂಬರಿನಲ್ಲೇ ಮಾರುಕಟ್ಟೆಗೆ ಬಿಟ್ಟರು. ಭಾರ ಜಾಸ್ತಿ, ಬೆಲೆಯೂ ಜಾಸ್ತಿ, ಜನ ಮೂಸಿ ನೋಡಲಿಲ್ಲ. ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ 2007ರಲ್ಲಿ ಐಫೋನ್ ತೋರಿಸುವಾಗ, ಕಡ್ಡಿ ಹಿಡಿದು ಗಾಜಿನ ಮೇಲೆ ಗೀಚುವವರು ಯಾರು ಎಂಬರ್ಥದಲ್ಲಿ ಗೇಲಿ ಮಾಡಿದ. 2010ರಲ್ಲಿ ಐಪ್ಯಾಡ್ ಬಂದಾಗಲೂ ಜೊತೆಗೆ ಕಡ್ಡಿ ಇರಲಿಲ್ಲ, ಬೆರಳೇ ಪೆನ್ನು. ಜಾಬ್ಸ್ ತೀರಿಕೊಂಡದ್ದು 2011ರ ಅಕ್ಟೋಬರ್ 5ರಂದು. ಅದೇ ಕಂಪನಿ 2015ರಲ್ಲಿ ತಾನೇ ಒಂದು ‘ಪೆನ್ಸಿಲ್’ ಮಾಡಿ ಮಾರಿತು, ಅದೂ ಐಪ್ಯಾಡಿನ ಬೆಲೆಯ ಮೇಲೆ ಬೇರೆ ರೊಕ್ಕ!

ಕಾಕತಾಳೀಯ ಅಂದರೆ ಇದೇ ಇರಬೇಕು. ಅದೇ 2011ರ ಅಕ್ಟೋಬರ್ 5ರಂದು ದಿಲ್ಲಿಯಲ್ಲಿ ಕೇಂದ್ರ ಮಂತ್ರಿ ಕಪಿಲ್ ಸಿಬಲ್ ‘ಆಕಾಶ್’ ಟ್ಯಾಬನ್ನು ಬಿಡುಗಡೆ ಮಾಡಿದರು. ಏಳು ಇಂಚಿನ ಗಾಜು, ಸರ್ಕಾರಕ್ಕೆ ಬಿದ್ದ ಬೆಲೆ ಎರಡು ಸಾವಿರದ ಇನ್ನೂರು ಚಿಲ್ಲರೆ. ಬಡ ವಿದ್ಯಾರ್ಥಿಯ ಕೈಗೂ ಕಂಪ್ಯೂಟರು ಎಂದು ಪತ್ರಿಕೆಗಳು ಕೊಂಡಾಡಿದವು. ಆದರೆ ಗಾಜನ್ನು ಬಲವಾಗಿ ಒತ್ತಿದರೆ ಮಾತ್ರ ಅದಕ್ಕೆ ಕಿವಿ ಕೇಳಿಸುತ್ತಿತ್ತು. ಬ್ಯಾಟರಿ ಎರಡು ಮೂರು ಗಂಟೆಗೆ ಉಸಿರು ಬಿಡುತ್ತಿತ್ತು. ಮುಂದಿನ ವರ್ಷ ಸುಧಾರಿಸಿದ ಮಾದರಿಯೇನೋ ಬಂತು. ಕೆಲ ವರ್ಷಗಳಲ್ಲಿ ಯೋಜನೆಯೇ ಆಕಾಶಕ್ಕೆ ಹಾರಿತು.

ಕರ್ನಾಟಕದ ಮಾತಿಗೆ ಬಂದರೆ, ಕೊರೋನಾ ಕಾಲದಲ್ಲಿ ಕಾಲೇಜುಗಳಿಗೆ ಬೀಗ ಬಿದ್ದಿದ್ದಾಗ, 2021ರ ಜೂನ್‌ನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರ ಸರ್ಕಾರ ಪ್ರಥಮ ದರ್ಜೆ ಕಾಲೇಜು, ಪಾಲಿಟೆಕ್ನಿಕ್, ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬು ಹಂಚಲು ಹೊರಟಿತು. ಮನೆಯಲ್ಲಿ ಕೂತು ಪಾಠ ನೋಡಲಿ, ಕೇಳಲಿ ಎಂಬುದು ಮುಖ್ಯ ಉದ್ದೇಶ. ಆ ಹೊತ್ತಿಗೆ ಅದು ದೊಡ್ಡ ಉಪಕಾರವೇ. ಆದರೆ ಟ್ಯಾಬು ಅಂದರೆ ‘ನೋಡುವ’ ಸಾಮಾನು ಎಂಬ ಅಭ್ಯಾಸ ಹುಡುಗರ ಕೈಗೆ ಅಂಟಿಕೊಂಡದ್ದು ಆ ಕಾಲದಲ್ಲೇ. ಕಾಲೇಜು ತೆರೆಯಿತು, ಬೆಂಚಿನ ಮೇಲೆ ಕೂತರು, ಅಭ್ಯಾಸ ಮಾತ್ರ ಹೋಗಲಿಲ್ಲ.

ಪಟಾ ಪಟ್ ಫೋಟೋ

ಇವತ್ತು ಯಾವುದೇ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂತರೆ ಕಾಣುವ ನೋಟ ಒಂದೇ. ಮೇಷ್ಟ್ರು ಬೋರ್ಡಿನ ತುಂಬ ಬರೆಯುತ್ತಾರೆ, ವಿವರಿಸುತ್ತಾರೆ. ಹುಡುಗರು ಕೈಕಟ್ಟಿ ಕೂತಿರುತ್ತಾರೆ. ಮೇಷ್ಟ್ರು ಡಸ್ಟರ್ ಕೈಗೆ ತೆಗೆದುಕೊಂಡ ಕೂಡಲೇ, “ಸಾರ್, ಒಂದ್ನಿಮಿಷ!” ಎಂಬ ಕೂಗು. ಹತ್ತಾರು ಟ್ಯಾಬು, ಮೊಬೈಲು ಮೇಲೆದ್ದು ಪಟಾ ಪಟ್ ಫೋಟೋ ಹೊಡೆದು ಮತ್ತೆ ಕೆಳಗೆ. ಮುಗಿಯಿತು, ನೋಟ್ಸ್ ಆಯಿತು! ಬರದಿದ್ದವನಿಗೆ ವಾಟ್ಸಾಪಿನಲ್ಲಿ ಹೋಯಿತು. ಮದುವೆ ಫೋಟೋ, ಜಾತ್ರೆ ಫೋಟೋ, ರೀಲ್ಸು ಇವೆಲ್ಲದರ ನಡುವೆ ಆದಾಯ ತೆರಿಗೆ ಪಾಠದ ಫೋಟೋ ಎಲ್ಲಿ ಕೂತಿದೆ ಎಂದು ಪರೀಕ್ಷೆಯ ಹಿಂದಿನ ರಾತ್ರಿ ಹುಡುಕುವ ಪಾಡು ಆ ಹುಡುಗರನ್ನೇ ಕೇಳಬೇಕು.

ಹುಡುಗರನ್ನಷ್ಟೇ ದೂರಿದರೆ ನ್ಯಾಯ ಆಗದು. ‘ನೋಟ್ಸ್’ ಅಂದರೆ ಏನು ಎಂಬುದೇ ಹಳೇ ಕಾಲದಿಂದ ಕೆಟ್ಟು ಕೂತಿದೆ. ಮೇಷ್ಟ್ರು ಹಳದಿ ಬಣ್ಣಕ್ಕೆ ತಿರುಗಿದ ಹಾಳೆ ಹಿಡಿದು ಡಿಕ್ಟೇಷನ್ ಕೊಡುವುದು, ಮಕ್ಕಳು ಪೂರ್ಣವಿರಾಮದ ಸಮೇತ ಇಳಿಸಿಕೊಳ್ಳುವುದು ತಾನೆ ನಡೆದುಕೊಂಡು ಬಂದದ್ದು? ಅಕ್ಕನ ನೋಟ್ಸು ತಂಗಿಗೆ, ತಂಗಿಯದು ಜೆರಾಕ್ಸ್ ಅಂಗಡಿಗೆ, ಅಲ್ಲಿಂದ ಇಡೀ ಜಿಲ್ಲೆಗೆ! ಕಿವಿಯಿಂದ ಕೈಗೆ ಇಳಿದ ಮಾತು ತಲೆಯ ದಾರಿ ಹಿಡಿಯದೇ ಹೋದರೆ ಅದು ಕಾಗದದಲ್ಲಿದ್ದರೇನು, ಗಾಜಿನಲ್ಲಿದ್ದರೇನು? ಆದರೂ ಒಂದು ವ್ಯತ್ಯಾಸವಿದೆ. ಡಿಕ್ಟೇಷನ್ ಬರೆದವನ ಕೈಗಾದರೂ ವ್ಯಾಯಾಮವಿತ್ತು. ಫೋಟೋ ಹೊಡೆದವನಿಗೆ ಅದೂ ಇಲ್ಲ.

ಈ ಬಗ್ಗೆ ಹೊರದೇಶದಲ್ಲಿ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಮುಲ್ಲರ್ ಮತ್ತು ಓಪನ್‌ಹೈಮರ್ ಎಂಬಿಬ್ಬರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಗುಂಪು ಲ್ಯಾಪ್‌ಟಾಪಿನಲ್ಲಿ ಕೀಲಿ ಕುಟ್ಟಿ ನೋಟ್ಸ್ ಮಾಡಿತು, ಇನ್ನೊಂದು ಗುಂಪು ಕೈಯಲ್ಲಿ ಬರೆಯಿತು. ಕುಟ್ಟಿದವರು ಹೇಳಿದ್ದನ್ನು ಹೇಳಿದ ಹಾಗೇ ಇಳಿಸಿಕೊಂಡಿದ್ದರು. ಹಾಗೆ ಮಾಡಬೇಡಿ, ನಿಮ್ಮ ಮಾತಿನಲ್ಲಿ ಬರೆಯಿರಿ ಎಂದರೂ ಬಿಡಲಿಲ್ಲ! ಕೈಯಲ್ಲಿ ಬರೆದವರಿಗೆ ಅಷ್ಟು ವೇಗ ಸಾಧ್ಯವಿಲ್ಲವಲ್ಲ, ಆರಿಸಿ, ಚಿಕ್ಕದು ಮಾಡಿ ಬರೆದಿದ್ದರು. ಅರ್ಥ ತಿಳಿದು ಉತ್ತರಿಸುವ ಪ್ರಶ್ನೆಗಳಲ್ಲಿ ಅವರೇ ಮುಂದೆ. ಈ ಅಧ್ಯಯನವನ್ನು ಹಿಡಿದು ಪುಸ್ತಕದ ಪಕ್ಷದವರು ಬಹಳ ಕುಣಿದರು. ಆದರೆ 2019ರಲ್ಲಿ, 2021ರಲ್ಲಿ ಬೇರೆಯವರು ಅದೇ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಅಷ್ಟು ಸ್ಪಷ್ಟವಾದ ಅಂತರ ಸಿಗಲಿಲ್ಲ. ಆದ್ದರಿಂದ ಕುಣಿಯುವವರು ಸ್ವಲ್ಪ ನಿಧಾನಿಸಬೇಕು.

ಅಪ್ಪಂದಿರಿಗೆ ಹೆಚ್ಚು ಬೇಕಾದ ಸಂಗತಿ ನಾರ್ವೆ ದೇಶದ್ದು. ಅಲ್ಲಿನ ಟ್ರೋಂಡ್‌ಹೈಮ್ ಊರಿನ ವಿಶ್ವವಿದ್ಯಾಲಯದವರು 36 ವಿದ್ಯಾರ್ಥಿಗಳ ತಲೆಗೆ ತಂತಿಗಳ ಟೋಪಿ ಹಾಕಿ, ಪದಗಳನ್ನು ಒಮ್ಮೆ ಪೆನ್ನಿನಿಂದ ಬರೆಸಿದರು, ಒಮ್ಮೆ ಒಂದು ಬೆರಳಿನಿಂದ ಕೀಲಿ ಒತ್ತಿಸಿದರು. 2024ರ ಜನವರಿಯಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಬರೆಯುವಾಗ ಮಿದುಳಿನ ಬೇರೆ ಬೇರೆ ಭಾಗಗಳ ನಡುವೆ ನಡೆಯುವ ಸಂಪರ್ಕ ಕೀಲಿ ಒತ್ತುವಾಗಿನದಕ್ಕಿಂತ ಬಹಳ ಹೆಚ್ಚು. ನೆನಪಿನ ಪರೀಕ್ಷೆ ಅವರು ಮಾಡಿಲ್ಲ, ಆ ಮಾತು ಬೇರೆ. ಗಮನಿಸಬೇಕಾದ್ದು ಇದು: ಆ ವಿದ್ಯಾರ್ಥಿಗಳು ಬರೆದದ್ದು ಕಾಗದದ ಮೇಲಲ್ಲ, ಡಿಜಿಟಲ್ ಪೆನ್ನು ಹಿಡಿದು ಗಾಜಿನ ಮೇಲೆ! ಅಂದಮೇಲೆ ಗಾಜು ಶತ್ರುವೂ ಅಲ್ಲ, ಕಾಗದ ದೇವರೂ ಅಲ್ಲ. ಕೈ ಬರೆಯುತ್ತಿದೆಯೋ ಇಲ್ಲವೋ ಎಂಬುದೇ ಪ್ರಶ್ನೆ.

ಒತ್ತಕ್ಷರದ ಒತ್ತಡ

ಕನ್ನಡ ಮಾಧ್ಯಮದ ಮಕ್ಕಳಿಗಂತೂ ಇದು ಇನ್ನೂ ಹತ್ತಿರದ ಮಾತು. ಗಾಜಿನ ಮೇಲೆ ಮೂಡುವ ಪುಟ್ಟ ಕೀಲಿಮಣೆಯಲ್ಲಿ ‘ಅರ್ಥಶಾಸ್ತ್ರ’ ಎಂದು ಒತ್ತಿ ನೋಡಲಿ. ಸ-ಗೆ ತ-ಒತ್ತು, ಅದಕ್ಕೆ ರ-ಒತ್ತು ಬರುವಷ್ಟರಲ್ಲಿ ಮೇಷ್ಟ್ರು ಬೇಡಿಕೆ ಮುಗಿಸಿ ಪೂರೈಕೆಗೆ ಹೋಗಿರುತ್ತಾರೆ. ಅದಕ್ಕೇ ಎಷ್ಟೋ ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಾರೆ. ಮೂರು ತಿಂಗಳ ಮೇಲೆ ಅದನ್ನು ಓದಲು ಹೊರಟರೆ ಬರೆದವರಿಗೇ ತಿಳಿಯದು. ಪರೀಕ್ಷೆಯ ಹಾಲಿನಲ್ಲಿ ಬರೆಯಬೇಕಾದ್ದು ಮಾತ್ರ ಕಾಗದದ ಮೇಲೆ, ಇಂಕಿನಲ್ಲಿ, ಶುದ್ಧ ಕನ್ನಡದಲ್ಲಿ! ಸೆಮಿಸ್ಟರು ಪೂರ್ತಿ ಬೆರಳಿನಿಂದ ಗಾಜು ಸವರಿದ ಕೈಗೆ ಅವತ್ತು ಒಂದು ಗಂಟೆಗೇ ಮಣಿಕಟ್ಟು ನೋವು. “ಉತ್ತರ ಗೊತ್ತಿತ್ತು ಮೇಡಂ, ಟೈಮ್ ಸಾಲ್ಲಿಲ್ಲ” ಎಂದು ಹೊರಬರುವ ಮಕ್ಕಳಲ್ಲಿ ಹೀಗಾದವರೂ ಇದ್ದಾರು.

ಪೆನ್ನು ಇದ್ದರೆ ಈ ಕಷ್ಟವಿಲ್ಲ. ಆದರೆ ಪೆನ್ನು ಅಂದರೆ ಎಲ್ಲವೂ ಪೆನ್ನಲ್ಲ, ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೂರಿನ್ನೂರು ರೂಪಾಯಿಗೆ ಸಿಗುವ ರಬ್ಬರ್ ತುದಿಯ ಕಡ್ಡಿ ಬೆರಳಿನ ನಕಲು ಅಷ್ಟೇ. ಬೆರಳು ತಾಗಿದಾಗ ಗಾಜಿನಡಿಯ ವಿದ್ಯುತ್ತಿನಲ್ಲಿ ಆಗುವ ಸಣ್ಣ ವ್ಯತ್ಯಾಸವನ್ನೇ ಅದೂ ಮಾಡುತ್ತದೆ. ತುದಿ ದಪ್ಪ. ಅದರಲ್ಲಿ ಬರೆದರೆ ಅಕ್ಷರದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ. ಅಂಗೈ ಊರಿದರೆ ಗಾಜು ಅದನ್ನೂ ಬೆರಳೆಂದೇ ತಿಳಿದು ಗೆರೆ ಎಳೆಯುತ್ತದೆ. ಕೈಯನ್ನು ಗಾಳಿಯಲ್ಲಿ ತೇಲಿಸಿಕೊಂಡು ಒಂದು ಗಂಟೆ ಬರೆಯುವುದು ಯಾರಿಂದ ಸಾಧ್ಯ? ನಿಜವಾದ ಪೆನ್ನನ್ನು ಗುರುತಿಸುವ ಪದರ ಟ್ಯಾಬಿನ ಒಳಗೇ ಇರಬೇಕು. ಆಗ ಪೆನ್ನು ಯಾವುದು, ಅಂಗೈ ಯಾವುದು ಎಂದು ಅದಕ್ಕೆ ತಿಳಿಯುತ್ತದೆ. ಅಂಥದಿಲ್ಲದ ಹತ್ತು ಸಾವಿರದ ಟ್ಯಾಬನ್ನು ‘ಬರೆಯೋಕೂ ಆಗುತ್ತೆ’ ಎಂದು ಮಾರುವವರು ಸುಳ್ಳು ಹೇಳುತ್ತಿಲ್ಲ, ಪೂರ್ತಿ ನಿಜವನ್ನೂ ಹೇಳುತ್ತಿಲ್ಲ.

ಸರಿಯಾದ ಪೆನ್ನು, ಸರಿಯಾದ ಟ್ಯಾಬು ಇದ್ದವರ ಅನುಕೂಲ ಮಾತ್ರ ದೊಡ್ಡದು, ಅದನ್ನು ಮುಚ್ಚಿಡಬಾರದು. ಬಿ.ಕಾಂ. ಹುಡುಗಿ ಖಾತೆ ಪುಸ್ತಕದ ಕಾಲಂ ಒಮ್ಮೆ ಗೀಟು ಹಾಕಿ ಇಟ್ಟುಕೊಂಡರೆ ಮೂರು ವರ್ಷ ಸ್ಕೇಲು ಹುಡುಕುವ ಕೆಲಸವಿಲ್ಲ. ಒಂದು ನಮೂದು ತಪ್ಪಿದರೆ ಇಡೀ ಹಾಳೆ ಹರಿಯಬೇಕಿಲ್ಲ, ಸುತ್ತು ಹಾಕಿ ಎಳೆದು ಬೇರೆ ಕಡೆ ಇಡಬಹುದು. ಮೇಷ್ಟ್ರು ಕಳಿಸಿದ ಪಾಠದ ಪಿ.ಡಿ.ಎಫ್. ಮೇಲೆ, ಅದೇ ಸಾಲಿನ ಪಕ್ಕ, ಅರ್ಥ ಬರೆದುಕೊಳ್ಳಬಹುದು. ಕಣ್ಣು ಮಂದವಿರುವ ಮಗುವಿಗೆ ಇದು ವರವೇ ಸರಿ. ಎರಡು ಬೆರಳು ಅಗಲಿಸಿದರೆ ಅಕ್ಷರ ಅಂಗೈಯಷ್ಟಾಗುತ್ತದೆ. ಯಾವ ನೋಟ್‌ಬುಕ್ಕು ಈ ಕೆಲಸ ಮಾಡೀತು?

ಬಸ್ಸಿನ ನೂಕುನುಗ್ಗಲು

ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ಮಕ್ಕಳ ಕಥೆಯೇ ಬೇರೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಬಹಳ ಒಳ್ಳೆಯದಾಯಿತು. ಆದರೆ ಬೆಳಗಿನ ಎಂಟರ ಬಸ್ಸಿನಲ್ಲಿ ಬಾಗಿಲ ಮೆಟ್ಟಿಲಿಂದ ಡ್ರೈವರ್ ಬೆನ್ನಿನವರೆಗೆ ಜನ. ಬೆನ್ನಿನ ಬ್ಯಾಗಿನಲ್ಲಿ ಊಟದ ಡಬ್ಬಿ, ನೀರಿನ ಬಾಟಲು, ಅದರ ನಡುವೆ ಮೂವತ್ತು ಸಾವಿರದ ಗಾಜು! ಕಂಡಕ್ಟರ್ “ಮುಂದ್ ಹೋಗ್ರಿ, ಮುಂದ್ ಹೋಗ್ರಿ” ಎಂದು ಒಂದು ಸಲ ತಳ್ಳಿದರೆ ಕಂತಿನ ಮೊದಲ ತಿಂಗಳೇ ಗಾಜು ಬಿರಿದೀತು. ನೋಟ್‌ಬುಕ್ಕು ಮಡಿಸಿದರೆ ಸುಕ್ಕಾಗುತ್ತದೆ, ಒಡೆಯುವುದಿಲ್ಲ. ಮೇಲಾಗಿ ಕ್ಲಾಸ್‌ರೂಮಿನಲ್ಲಿ ಚಾರ್ಜಿಗೆ ಹಾಕಲು ಪ್ಲಗ್ಗು ಎಷ್ಟಿವೆ? ಎಷ್ಟೋ ಕಡೆ ಫ್ಯಾನು ತಿರುಗಿದರೆ ಅದೇ ಪುಣ್ಯ.

ಒಡೆಯದಿದ್ದರೂ ಕಳೆದುಹೋಗುವ ಭಯ ಇದ್ದೇ ಇದೆ. ಒಂದು ನೋಟ್‌ಬುಕ್ಕು ಕಳೆದರೆ ಒಂದು ವಿಷಯ ಹೋಯಿತು. ಟ್ಯಾಬು ಹೋದರೆ ಆರೂ ವಿಷಯ, ಆರೂ ಸೆಮಿಸ್ಟರು. ವಾರಕ್ಕೊಮ್ಮೆಯಾದರೂ ಇನ್ನೊಂದು ಕಡೆ ನಕಲು ಇಡುವ ಶಿಸ್ತು ಇದ್ದವರಿಗೆ ಮಾತ್ರ ಈ ಸಾಮಾನು. ಬರೆಯುವ ಆ್ಯಪುಗಳ ಚಾಳಿಯೂ ಒಂದಿದೆ. ‘ನೋಟಬಿಲಿಟಿ’ ಎಂಬ ಹೆಸರಾಂತ ಆ್ಯಪು 2021ರ ನವೆಂಬರಿನಲ್ಲಿ ಇದ್ದಕ್ಕಿದ್ದಂತೆ ವರ್ಷದ ಚಂದಾ ಪದ್ಧತಿಗೆ ಹೊರಳಿತು. ಮೊದಲೇ ದುಡ್ಡು ಕೊಟ್ಟು ಕೊಂಡಿದ್ದವರು ಗಲಾಟೆ ಎಬ್ಬಿಸಿದ ಮೇಲೆ ಅವರ ಮಟ್ಟಿಗೆ ಹಿಂದೆ ಸರಿಯಿತು. ಮಾರಿದ ಪುಸ್ತಕಕ್ಕೆ ಮುಂದಿನ ವರ್ಷ ಬಾಡಿಗೆ ಕೇಳುವ ಅಂಗಡಿಯನ್ನು ಪಿ.ಬಿ. ರಸ್ತೆಯಲ್ಲಿ ಯಾರಾದರೂ ಕಂಡಿದ್ದಾರೆಯೇ? ಬರೆದದ್ದನ್ನು ಆಗಾಗ ಪಿ.ಡಿ.ಎಫ್. ಮಾಡಿ ಬೇರೆ ಕಡೆ ಇಟ್ಟವರಿಗೆ ಈ ಭಯವಿಲ್ಲ.

ಕಾಲೇಜುಗಳವರು ಈ ವಿಷಯದಲ್ಲಿ ಏನಾದರೂ ಒಂದು ತೀರ್ಮಾನಕ್ಕೆ ಬರುವುದು ಒಳ್ಳೆಯದು. ಒಬ್ಬ ಮೇಷ್ಟ್ರು “ತೆಗೀರಿ, ಬರ್ಕಳ್ರಿ” ಅನ್ನುತ್ತಾರೆ, ಮುಂದಿನ ಪೀರಿಯಡ್ಡಿನವರು “ಒಳಗಿಡಿ ಅದನ್ನ!” ಎಂದು ಗದರುತ್ತಾರೆ. ಮೂರು ಸೆಮಿಸ್ಟರು ಕಂತು ಕಟ್ಟಿದವನು ಯಾರ ಮಾತು ಕೇಳಬೇಕು? ಒಂದು ಸುಲಭದ ಕಟ್ಟಳೆ ಸಾಕು. ಟ್ಯಾಬು ಬೆಂಚಿನ ಮೇಲೆ ಮಲಗಿರಬೇಕು, ಕೈಯಲ್ಲಿ ಪೆನ್ನಿರಬೇಕು. ಮಲಗಿದ ಟ್ಯಾಬಿನಲ್ಲಿ ಏನು ನಡೆದಿದೆ ಎಂದು ಪಕ್ಕದಲ್ಲಿ ಓಡಾಡುವ ಮೇಷ್ಟ್ರಿಗೂ ಕಾಣುತ್ತದೆ. ನಿಲ್ಲಿಸಿದ ಪರದೆ ಗೋಡೆಯಿದ್ದಂತೆ, ಅದರ ಹಿಂದೆ ಕ್ರಿಕೆಟ್ಟೂ ನಡೆದೀತು, ಸಿನಿಮಾನೂ ನಡೆದೀತು. ಕೆನಡಾದಲ್ಲಿ 2013ರಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಪಾಠದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸ ಮಾಡಿದವರಷ್ಟೇ ಅಲ್ಲ, ಆ ಪರದೆ ಕಣ್ಣಿಗೆ ಬೀಳುವಂತೆ ಕೂತಿದ್ದ ಅಮಾಯಕರೂ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಒಬ್ಬನ ಟ್ಯಾಬಿನ ಖರ್ಚನ್ನು ಹಿಂದಿನ ಬೆಂಚಿನವನು ಅಂಕದಲ್ಲಿ ಕಟ್ಟಬೇಕೇ?

ಇಷ್ಟೆಲ್ಲ ಕೇಳಿದ ಮೇಲೂ ಕೊಡಿಸಲೇಬೇಕು ಅನ್ನುವ ಅಪ್ಪಂದಿರು ಮೊದಲು ಒಂದು ತಿಂಗಳು ಮಗನ, ಮಗಳ ನೋಟ್‌ಬುಕ್ಕನ್ನು ತೆರೆಸಿ ನೋಡಲಿ. ಅದರಲ್ಲಿ ಅವರದೇ ಮಾತಿನಲ್ಲಿ ಬರೆದ ಹಾಳೆಗಳಿದ್ದರೆ ಟ್ಯಾಬಿನಲ್ಲೂ ಬರೆದಾರು. ಹಾಳೆ ಖಾಲಿ ಇದ್ದರೆ ಗಾಜೂ ಖಾಲಿಯೇ ಇದ್ದೀತು. ಅಂಗಡಿಗೆ ಹೋಗುವಾಗ ಓದುವ ಮಗುವನ್ನೇ ಕರೆದುಕೊಂಡು ಹೋಗಬೇಕು. ಬಣ್ಣ, ಕ್ಯಾಮೆರಾ, ಸೌಂಡು ಎಂದು ಅಂಗಡಿಯವನು ಹೇಳುವುದನ್ನೆಲ್ಲ ಹೇಳಿ ಮುಗಿಸಲಿ. ಆಮೇಲೆ ಅಂಗೈಯನ್ನು ಗಾಜಿನ ಮೇಲೆ ಪೂರ್ತಿ ಊರಿ, ಕೊಡುವ ಪೆನ್ನಿನಿಂದಲೇ ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ಅರ್ಥಶಾಸ್ತ್ರ’ ಎಂದು ನೋಟ್‌ಬುಕ್ಕಿನ ಅಳತೆಯ ಅಕ್ಷರದಲ್ಲಿ ನಾಲ್ಕು ಸಾಲು ಬರೆಯಲಿ. ಒತ್ತುಗಳು ಒಂದರ ಮೇಲೊಂದು ಬೀಳದೆ, ಅಂಗೈಯ ಗೀಟು ಮೂಡದೆ ನಾಲ್ಕು ಸಾಲೂ ಓದಲು ಬಂದರೆ ಬೆಲೆಯ ಚೌಕಾಸಿ ಶುರು ಮಾಡಬಹುದು. ಬರದಿದ್ದರೆ, ನೋಟ್‌ಬುಕ್ಕಿನ ಅಂಗಡಿಯೂ ಅಲ್ಲೇ ಪಕ್ಕದಲ್ಲಿರುತ್ತದೆ. ಅಲ್ಲಿ ಈಗ ಜಿ.ಎಸ್.ಟಿ. ಕೂಡ ಇಲ್ಲ.